ದೊಡ್ಡಪ್ಪನ ಚಪ್ಪಲಿ

ಹೊಸ ಚಪ್ಪಲಿಯ ತೊಗಲಿನ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಆ ಮಧ್ಯಾಹ್ನ ತಿಳವಳ್ಳಿಯ ನಮ್ಮ ಅಂಗಳದಲ್ಲಿ ಗೋವಿನಜೋಳ ಹರವಿದ್ದೆವು. ಕಾಳು ಕೆದರುತ್ತಿದ್ದ ಅಕ್ಕ ಅದರ ಮೇಲೆಯೇ ಬಿದ್ದು, ಕೈಕಾಲು ಸೆಟೆದು ಒದ್ದಾಡತೊಡಗಿದಳು. ಫಿಟ್ಸ್ ಅವಳಿಗೆ ಹೊಸದಲ್ಲ. ಗುಳಿಗೆ ನುಂಗಿದರೂ ಮತ್ತೆ ಮತ್ತೆ ಬರುತ್ತಿತ್ತು. ಡಾಕ್ಟರು ಕಲಿಸಿದಂತೆ ಅವ್ವ ಅವಳನ್ನು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಖಾಲಿ ಚೀಲ ಮಡಚಿಟ್ಟಳು. ಓಣಿಯ ಮಂದಿ ಕೂಡಿತು. ದೊಡ್ಡಪ್ಪ ಕಾಳು ತುಳಿಯುತ್ತಲೇ ಬಂದು, ಕಾಲಿನ ಹೊಸ ಚಪ್ಪಲಿ ಕಳಚಿ ಅಕ್ಕನ ಮೂಗಿಗೆ ಒತ್ತಿಹಿಡಿದ.

ಅವ್ವ ಅದನ್ನು ಕಸಿದು ಓಣಿಗೆ ಎಸೆದಳು.

“ಹಿರೇರ ಮುಂದ ಇಷ್ಟು ಸೊಕ್ಕೇನು? ನಾಳೆ ನೀ ಸತ್ತರ ಈಕಿನ್ನ ಯಾರು ನೋಡ್ತಾರ?” ಎಂದ ದೊಡ್ಡಪ್ಪ.

ಎಲ್ಲರೂ ನನ್ನ ಕಡೆ ತಿರುಗಿದರು. ನಾನಿನ್ನೂ ಲಂಗ ಉಡುವ ಹುಡುಗಿ.

“ಭಾವಾರ, ಆ ಕೂಸಿನ ಕಡೆ ನೋಡಬ್ಯಾಡ್ರಿ,” ಎಂದಳು ಅವ್ವ. “ಚಪ್ಪಲಿ ಮೂಸಸಾಕ ಇಷ್ಟು ಮಂದಿ ಬಂದೀರಿ. ನಾ ಹ್ವಾದ ಮ್ಯಾಲ ನನ್ನ ಮಗಳನ್ನ ಯಾರ ಮನ್ಯಾಗ ಇಟ್ಕೋತೀರಿ? ಈಗ ಹೇಳ್ರಿ.”

ದೊಡ್ಡಪ್ಪ ಒಂದೇ ಕಾಲಿನ ಚಪ್ಪಲಿಯಲ್ಲಿ ಓಣಿಗಿಳಿದು ಇನ್ನೊಂದನ್ನು ಹುಡುಕತೊಡಗಿದ.