ಎದುರಿನ ಲೋಟ

ನಿವೃತ್ತ ಇಂಗ್ಲಿಷ್ ಮೇಷ್ಟ್ರು ಸಂಜೆ ಹೋಟೆಲಿನ ಮೂಲೆ ಮೇಜಿಗೆ ಒಬ್ಬರೇ ಬಂದು, ಎಂದಿನಂತೆ ಬೈಟು ಕಾಫಿ ಹೇಳಿದರು. ಅವರ ಹಳೆಯ ವಿದ್ಯಾರ್ಥಿಯಾದ ಸಪ್ಲೈಯರ್ ಒಂದು ಲೋಟವನ್ನು ಅವರ ಮುಂದೆ, ಇನ್ನೊಂದನ್ನು ಎದುರಿನ ಖಾಲಿ ಕುರ್ಚಿಯ ಮುಂದೆ ಇಟ್ಟ.

"ಸದಾ ಜೊತೆಗಿರೋರನ್ನ ಇಂಗ್ಲಿಷಲ್ಲಿ ಸೊಂಟಕ್ಕೆ ಸೊಂಟ ಅಂಟಿದೋರು ಅಂತಾರೆ ಅಂತ ಕ್ಲಾಸಲ್ಲಿ ಹೇಳಿದ್ರಿ ಸರ್. ನಾವೆಲ್ಲ ನಿಮ್ಮನ್ನೂ ಗಣಿತದ ಮೇಷ್ಟ್ರನ್ನೂ ನೆನೆಸ್ಕೊಂಡು ನಕ್ಕಿದ್ವಿ."

ಮೇಷ್ಟ್ರು ತಮ್ಮ ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡರು.

"ಆ ಲೋಟ ದಿನಾ ಆರಿ ಹೋಗುತ್ತೆ. ಇನ್ಮೇಲೆ ಒಂದೇ ತರ್ಲಾ?"

"ಬೇಡ ಕಣಪ್ಪ. ಎದುರಿಗೆ ಲೋಟ ಇಲ್ದಿದ್ರೆ ನಂಗೆ ಕಾಫಿ ಗಂಟಲಲ್ಲಿ ಇಳಿಯಲ್ಲ."

ಸಪ್ಲೈಯರ್ ಮೇಜು ಒರೆಸುತ್ತಾ ದನಿ ತಗ್ಗಿಸಿದ.

"ನಿಮಗೆ ಹೇಳ್ಬೇಡ ಅಂದಿದ್ದಾರೆ ಸರ್. ನೀವಿಬ್ರೂ ಮಾತು ಬಿಟ್ಟಾಗಿಂದ ದಿನಾ ಬೆಳಿಗ್ಗೆ ಗಣಿತದ ಮೇಷ್ಟ್ರೂ ಒಬ್ರೇ ಬಂದು ಬೈಟು ಹೇಳಿ, ಒಂದು ಲೋಟ ಮುಟ್ಟದೆ ಎದ್ದು ಹೋಗ್ತಾರೆ."