ಒಂಟಿ ಮರದ ಸ್ಟಾಪು

"ಹೋಲ್ಡಾನ್ ಅಂತ ಯಾಕೆ ಕೂಗಲಿಲ್ಲ? ಬಾಯಲ್ಲಿ ಏನು ತುಂಬ್ಕೊಂಡಿದ್ದೆ?"

"ಅಲ್ಲಿ ಸ್ಟಾಪಿಲ್ಲ ಭಾವ."

"ಸ್ಟಾಪಿಲ್ವಾ? ಒಂಟಿ ಮರದ ಹತ್ರ ಸ್ಟಾಪಿಲ್ಲ ಅಂತ ನನಗೇ ಹೇಳ್ತೀಯಾ? ಅಲ್ಲಿ ಬ್ರೇಕ್ ಒತ್ತಿ ಒತ್ತಿಯೇ ನನ್ನ ಮಂಡಿ ಸವೆದಿದ್ದು!"

ಡ್ರೈವರ್ ಕೂಗಿದ ರಭಸಕ್ಕೆ ಅವನ ಸೊಸೆ ಅಡುಗೆಮನೆಯಿಂದ ಇಣುಕಿದಳು. ಜಗಲಿಯ ಮೇಲೆ ಎಂದಿನಂತೆ ಎರಡು ಕುರ್ಚಿ, ಒಂದರ ಹಿಂದೆ ಒಂದು. ಮುಂದಿನದರಲ್ಲಿ ಮಾವ. ಹಿಂದಿನದರಲ್ಲಿ ಮಾವನ ಭಾಮೈದ, ಅಂದರೆ ಮಾವ ಓಡಿಸುತ್ತಿದ್ದ ಬಸ್ಸಿನ ಕಂಡಕ್ಟರ್. ಇಬ್ಬರೂ ನಿವೃತ್ತರಾಗಿ ಬಹಳ ಕಾಲವಾಗಿತ್ತು. ಮೊದಮೊದಲು ಇಸ್ಪೀಟು ಆಡಿ ನೋಡಿದರು. ಎದುರುಬದುರು ಕೂತರೆ ಇಬ್ಬರಿಗೂ ಮಾತೇ ಹೊರಡುತ್ತಿರಲಿಲ್ಲ. ಬದುಕಿಡೀ ಒಬ್ಬನ ಬೆನ್ನು ಇನ್ನೊಬ್ಬನಿಗೆ, ಇನ್ನೊಬ್ಬನ ದನಿ ಇವನಿಗೆ. ಮುಖ ಕಟ್ಟಿಕೊಂಡು ಏನು ಮಾಡುತ್ತಾರೆ?

ಹಾಗಾಗಿ ದಿನಾ ಮಧ್ಯಾಹ್ನ ಊಟವಾದ ಮೇಲೆ ಹಳೆಯ ರೂಟಿಗೆ ಬಸ್ಸು ಬಿಡುತ್ತಿದ್ದರು. ಕಂಡಕ್ಟರ್ ಒಂದೊಂದೇ ಸ್ಟಾಪು ಕೂಗುವುದು, ಡ್ರೈವರ್ ಬಲಗಾಲನ್ನು ನೆಲಕ್ಕೆ ಒತ್ತುವುದು. "ಗಡಿಯಾರದ ಗೋಪುರ! ಯಾರ್ರೀ ಇಳಿಯೋರು?" "ನಿದ್ದೆಗಣ್ಣಿನ ಮೇಷ್ಟ್ರು ಇಳಿದ್ರಾ ನೋಡೋ, ನಿನ್ನೆ ಡಿಪೋವರೆಗೂ ಬಂದುಬಿಟ್ಟಿದ್ರು." "ಇಳಿದ್ರು ಭಾವ, ಚಪ್ಪಲಿ ಇಲ್ಲೇ ಬಿಟ್ಟು." ಇಬ್ಬರೂ ನಕ್ಕೂ ನಕ್ಕೂ ಕೆಮ್ಮುತ್ತಿದ್ದರು. ಕಂಡಕ್ಟರ್ 'ರೈಟ್' ಅನ್ನದೆ ಡ್ರೈವರ್ ಬ್ರೇಕಿನಿಂದ ಕಾಲು ತೆಗೆಯುತ್ತಿರಲಿಲ್ಲ. ಒಮ್ಮೆ ಮಗ ಊರಿಂದ ಬಂದು ಮುಂದೆ ನಿಂತರೂ ಎದ್ದಿರಲಿಲ್ಲ. ಹುಚ್ಚು ಅನ್ನುವವರು ಅನ್ನಲಿ. ಆ ವಯಸ್ಸಿನಲ್ಲಿ ನೀವು ಏನು ಕಡಿದು ಕಟ್ಟೆ ಹಾಕುತ್ತೀರೋ ನೋಡೋಣ.

ಒಂಟಿ ಮರದ ಹತ್ತಿರ ನಿಜಕ್ಕೂ ಸ್ಟಾಪು ಇರಲಿಲ್ಲ. ಕಂಡಕ್ಟರನ ಮನೆ ಇತ್ತು. ಅವನ ಅಕ್ಕ ಹೊಲಿಗೆ ಕಾರ್ಖಾನೆಗೆ ಹೋಗಲು ಬುತ್ತಿ ಹಿಡಿದು ಮರದ ಕೆಳಗೆ ನಿಲ್ಲುತ್ತಿದ್ದಳು. ತಮ್ಮ 'ಹೋಲ್ಡಾನ್' ಕೂಗುತ್ತಿದ್ದ. "ಬಸ್ಸೇನು ನಿಮ್ಮಪ್ಪಂದಾ?" ಎಂದು ಡ್ರೈವರ್ ಗೊಣಗುತ್ತಿದ್ದ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ತಮ್ಮ ಬಾಯಿ ತೆರೆಯುವ ಮೊದಲೇ ಬ್ರೇಕು ಬೀಳತೊಡಗಿತು. ಮುಂದಿನದು ಮದುವೆ. ಆಕೆ ತೀರಿಹೋಗಿ ಈಗ ಒಂದು ವರ್ಷ. ಜಗಲಿಯ ಬಸ್ಸು ಮಾತ್ರ ದಿನಾ ಆ ಮರದ ಕೆಳಗೆ ನಿಂತೇ ಹೋಗುತ್ತಿತ್ತು.

"ರಿವರ್ಸ್ ಹಾಕ್ತೀನಿ. ಹಿಂದೆ ನೋಡಿ ಹೇಳು," ಎಂದು ಡ್ರೈವರ್ ಕುರ್ಚಿಯ ಪಕ್ಕದ ಗಾಳಿಯನ್ನೇ ಹಿಡಿದು ಗೇರು ಎಳೆದ.

"ಬೇಡ ಭಾವ. ಇವತ್ತು ಬಿಟ್ಟುಬಿಡಿ."

"ಹೇಳು ಅಂದೆ! ಅವಳು ಕಾಯ್ತಿರ್ತಾಳೆ."

ಹಿಂದಿನ ಕುರ್ಚಿ ಕಿರುಗುಟ್ಟಿತು. ಕಂಡಕ್ಟರ್ ಎದ್ದು ನಿಂತಿದ್ದ.

"ದಿನಾ ಅಕ್ಕನ್ನ ಹತ್ತಿಸ್ಕೋತೀರಲ್ಲ, ಇಳಿಸೋದು ಯಾರು? ಡಿಪೋ ಬಂದಮೇಲೆ ನೀವು ಮುಂದಿನ ಬಾಗಿಲಿಂದ ಇಳಿದು ಟೀ ಕುಡಿಯೋಕೆ ಹೋಗ್ತೀರಿ. ಒಂದೊಂದೇ ಸೀಟು ನೋಡ್ಕೊಂಡು ಬಸ್ ಖಾಲಿ ಮಾಡ್ಸೋನು ನಾನು. ಅವಳ ಸೀಟಿನ ಹತ್ರ ಬಂದಾಗ ಏನಾಗುತ್ತೆ ಅಂತ ನಿಮಗೇನು ಗೊತ್ತು? ನೀವು ಯಾವತ್ತು ಹಿಂದೆ ತಿರುಗಿ ನೋಡಿದ್ದೀರಿ?"

ಸೊಸೆ ಸೌಟು ಹಿಡಿದೇ ಹೊಸ್ತಿಲಿಗೆ ಬಂದಳು. ಈಗಲಾದರೂ ಮಾವ ತಿರುಗಿ ನೋಡಬೇಕಿತ್ತು. ನೋಡಲಿಲ್ಲ. ಸಿಟ್ಟು ಅನ್ನುವುದು ಹಾಗೇ, ಕತ್ತನ್ನು ಗೂಟದ ಹಾಗೆ ನಿಲ್ಲಿಸಿಬಿಡುತ್ತದೆ.

"ಓಹೋ, ದೊಡ್ಡ ಸಂಕಟ ನಿಂದು! ಅವಳನ್ನ ಎತ್ತಿದ ದಿನ ಒಂದು ಹನಿ ಕಣ್ಣೀರು ಹಾಕದೋನು. ಬಂದೋರಿಗೆಲ್ಲ 'ಒಳಗೆ ಬನ್ನಿ, ಮುಂದೆ ಹೋಗಿ, ಜಾಗ ಬಿಡಿ' ಅಂತಿದ್ದೆ. ಅಕ್ಕನ ಹೆಣದ ಮುಂದೂ ಕಂಡಕ್ಟರಿಕೆ!"

ಹೌದು, ಅಂದಿದ್ದ. ಮನೆ ತುಂಬ ಜನ ಬಂದಿದ್ದರು; ಜನ ತುಂಬಿದ ಕಡೆ ಅವನಿಗೆ ಬರುತ್ತಿದ್ದದ್ದು ಅದೊಂದೇ ಮಾತು.

ಡ್ರೈವರ್ ಒಬ್ಬನೇ, ಹಿಂದಿನಿಂದ ಯಾರ ಸೂಚನೆಯೂ ಇಲ್ಲದೆ, ಸ್ಟೀರಿಂಗನ್ನು ನಿಧಾನ ತಿರುಗಿಸುತ್ತ ಬಸ್ಸನ್ನು ಹಿಂದಕ್ಕೆ ತರುತ್ತಿದ್ದ.

"ಹೋಲ್ಡಾನ್!"

ಬೀದಿಯ ಕೊನೆಯವರೆಗೂ ಕೇಳುವಂಥ ಹಳೆಯ ಕೂಗು. ಡ್ರೈವರನ ಬಲಗಾಲು ತಾನಾಗಿಯೇ ನೆಲಕ್ಕೆ ಅಪ್ಪಳಿಸಿತು.

"ಒಂಟಿ ಮರ ಬಂತು," ಎಂದ ಕಂಡಕ್ಟರ್. "ನಾನಿಲ್ಲೇ ಇಳೀತೀನಿ."

ಕಂಬ ಹಿಡಿದುಕೊಂಡು, ಎಡಗಾಲು ಮುಂದಿಟ್ಟು, ಬಸ್ಸಿನಿಂದ ಇಳಿಯುವವನ ಹಾಗೆಯೇ ಜಗಲಿಯ ಮೆಟ್ಟಿಲು ಇಳಿದ. "ಚಿಕ್ಕಮಾವ, ಟೀ ಆಗಿದೆ, ಕುಡ್ಕೊಂಡು ಹೋಗಿ," ಎಂದು ಸೊಸೆ ಗೇಟಿನ ತನಕ ಓಡಿದಳು. ಅವನು ನಿಲ್ಲಲಿಲ್ಲ.

ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ಡ್ರೈವರ್ ಮಾತ್ರ ಊಟ ಮುಗಿಸಿ ಮುಂದಿನ ಕುರ್ಚಿಯಲ್ಲಿ ಕೂತು ರಸ್ತೆ ನೋಡುತ್ತಿದ್ದ. ಹೇಳಿಕಳಿಸಿ ಎಂದರೆ ಗುರ್ ಎನ್ನುತ್ತಿದ್ದ. ಒಂದು ದಿನ ಸೊಸೆ ತಡೆಯಲಾರದೆ ಹಿಂದಿನ ಕುರ್ಚಿಯ ಬೆನ್ನು ಹಿಡಿದು ನಿಂತು, "ಮಾವ, ನಾನೇ ರೈಟ್ ಅಂದುಬಿಡ್ಲಾ? ಎಷ್ಟು ದಿನ ಹೀಗೆ ಕೂತಿರ್ತೀರಿ?" ಎಂದಳು.

"ಮುಚ್ಚು ಬಾಯಿ," ಎಂದ ಡ್ರೈವರ್. ಆಮೇಲೆ ದನಿ ಇಳಿಸಿ, "ಕಂಡಕ್ಟರ್ ಕೆಳಗಿದ್ದಾನಮ್ಮ. ಅಕ್ಕನ್ನ ಹತ್ತಿಸ್ಕೊಂಡು ಬರ್ತಾನೆ," ಎಂದ.

ಅವನ ಬಲಗಾಲು ನೆಲಕ್ಕೆ ಒತ್ತಿಕೊಂಡೇ ಇತ್ತು. ಮಂಡಿ ಗಡಗಡ ನಡುಗುತ್ತಿತ್ತು. ಕಾಲು ತೆಗೆಯಲಿಲ್ಲ.