ಸಿದ್ದರಾಜುವಿನ ಕ್ರಾಪು

"ಅಪ್ಪಾ, ಸ್ಕೂಲಲ್ಲಿ ಫೋಟೋ ತೆಗೆಯೋದು, ತಿದ್ದೋದು ಹೇಳ್ಕೊಡ್ತಾವ್ರೆ. ನಾಳೆ ನಿನ್ನ ಫೋಟೋ. ಕ್ರಾಪ್ ಮಾಡ್ಲೇಬೇಕಂತೆ," ಎಂದಳು ಮಗಳು.

ಸೈಕಲ್ ಅಂಗಡಿಯ ಸಿದ್ದರಾಜು ತಲೆ ಸವರಿಕೊಂಡ. ಶಾಲೆಯವರು ಹೇಳಿದ ಮೇಲೆ ಎದುರಾಡುವುದುಂಟೇ? ಬೆಳಿಗ್ಗೆಯೇ ಹೋಗಿ ಕ್ರಾಪು ಹೊಡೆಸಿ, ಮೀಸೆ ತಿದ್ದಿಸಿ, ಮುಖಕ್ಕೆ ಪೌಡರು ಬಳಿದುಕೊಂಡು ಪಂಕ್ಚರ್ ಹಾಕಲು ಕೂತ. ಮಗಳು ಒಂದರ ಹಿಂದೊಂದು ಫೋಟೋ ತೆಗೆದಳು.

ಶನಿವಾರ ಮಕ್ಕಳ ಫೋಟೋ ಪ್ರದರ್ಶನ ನೋಡಲು ಅವನು ಶಾಲೆಗೆ ಹೋದರೆ ಗೋಡೆಯ ಮೇಲೆ ಎಲ್ಲಕ್ಕಿಂತ ದೊಡ್ಡದು ಮಗಳು ತೆಗೆದ ಫೋಟೋವೇ. ಟ್ಯೂಬು ಹಿಡಿದ ಎರಡು ಕೈ, ಅಷ್ಟೇ.

"ನನ್ ತಲೆ ಎಲ್ಲವ್ವಾ?"

"ಕ್ರಾಪ್ ಮಾಡ್ದೆ ಕಣಪ್ಪಾ. ಕೆಲ್ಸ ಮಾಡೋ ಕೈ ಮಾತ್ರ ಇರ್ಲಿ ಅಂದಿದ್ರು ಮಿಸ್ಸು."

ಫೋಟೋದಲ್ಲಿದ್ದ ಗ್ರೀಸು ಮೆತ್ತಿದ ಉದ್ದುದ್ದ ಉಗುರುಗಳನ್ನು ಅವನು ಬಹಳ ಹೊತ್ತು ನೋಡಿದ.

"ಮೊದ್ಲೇ ಹೇಳಿದ್ರೆ ಉಗುರಿಗೇ ಕ್ರಾಪು ಹೊಡೆಸ್ಕೊಂಡು ಬತ್ತಿದ್ನಲ್ಲವ್ವಾ!"